ಹೊಳೆ ಏರಿದ ವರ್ಷಗಳು

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಷೇರು, ಸಾಲ, ಗೊಬ್ಬರ, ಲಾಭಾಂಶದ ವಿವರಗಳನ್ನು ಕಾರ್ಯದರ್ಶಿಗಳು ಬೇರೆ ಬರೆದಿರುವುದರಿಂದ ನಾವು ಹೊಳೆಯ ವಿಚಾರ ಬರೆಯಲು ಒಪ್ಪಿಕೊಂಡೆವು. ಸಹಕಾರ ಸಂಘದ ಪುಸ್ತಕದಲ್ಲಿ ಹೊಳೆಗೇನು ಕೆಲಸ ಅಂತ ಕೆಲವರು ಕೇಳಬಹುದು. ನಮ್ಮ ಸಂಘದ ಸಾಲದ ಖಾತೆ ತೆಗೆದು ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ. ಸದಸ್ಯರ ಕಂತು ತಪ್ಪಿದ ವರ್ಷಗಳು ಎರಡೇ ಬಗೆ. ಒಂದು ಮಳೆ ಬಾರದ ವರ್ಷ, ಇನ್ನೊಂದು ಹೊಳೆ ಬಂದ ವರ್ಷ. ಬರಗಾಲವನ್ನು ನಾವು ಯಾರೂ ಮರೆಯುವುದಿಲ್ಲ, ಯಾಕೆಂದರೆ ಅದು ತಿಂಗಳುಗಟ್ಟಲೆ ಕಾಡುತ್ತದೆ. ಹೊಳೆ ಹಾಗಲ್ಲ. ಮೂರು ದಿನ ಬಂದು ಹೋಗುತ್ತದೆ, ಮೂರು ವರ್ಷದಲ್ಲಿ ನಾವು ಮರೆಯುತ್ತೇವೆ. ಹಾಗೆ ಮರೆಯಬಾರದು ಎಂಬುದಕ್ಕೇ ಈ ಲೇಖನ.

ನಾಲ್ಕು ತಾಲ್ಲೂಕು, ಮೂರು ಹೊಳೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ಈ ನಾಲ್ಕೂ ತಾಲ್ಲೂಕುಗಳು ಮೈಸೂರು ಜಿಲ್ಲೆಯ ಪಶ್ಚಿಮದ ಕಡೆ ಇವೆ. ಈಚೆಗೆ ಸಾಲಿಗ್ರಾಮ ಮತ್ತು ಸರಗೂರು ಬೇರೆ ತಾಲ್ಲೂಕುಗಳಾಗಿವೆ, ಆದರೆ ಹೊಳೆಗಳು ಹಳೆಯವೇ. ಕಾವೇರಿ ಕುಶಾಲನಗರದ ಹತ್ತಿರ ಕೊಡಗು ಬಿಟ್ಟು ಪಿರಿಯಾಪಟ್ಟಣದ ಅಂಚು ಸವರಿಕೊಂಡು ಬಂದು, ಕೆ.ಆರ್. ನಗರದ ಸೀಮೆ ಹೊಕ್ಕು, ಚುಂಚನಕಟ್ಟೆಯಲ್ಲಿ ಬಂಡೆ ಮೇಲಿಂದ ಧುಮುಕಿ, ಮುಂದೆ ಕನ್ನಂಬಾಡಿ ಕಟ್ಟೆಯ ಹಿನ್ನೀರು ಸೇರುತ್ತದೆ. ಲಕ್ಷ್ಮಣತೀರ್ಥ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪುವಿನಲ್ಲಿ ಜಲಪಾತವಾಗಿ ಇಳಿದು, ದಕ್ಷಿಣ ಕೊಡಗಿನ ಗದ್ದೆಬಯಲು ಮತ್ತು ನಾಗರಹೊಳೆ ಕಾಡಿನ ಅಂಚು ದಾಟಿ, ಹನಗೋಡು, ಹುಣಸೂರು, ಕಟ್ಟೆಮಳಲವಾಡಿ ಮಾರ್ಗವಾಗಿ ಅದೇ ಹಿನ್ನೀರಿಗೆ ಬೀಳುತ್ತದೆ. ಕಬಿನಿ ಕೇರಳದ ವಯನಾಡಿನಲ್ಲಿ ಮಾನಂತವಾಡಿ ಮತ್ತು ಪನಮರಂ ಹೊಳೆಗಳು ಕೂಡಿ ಹುಟ್ಟಿ, ಹೆಚ್.ಡಿ. ಕೋಟೆ ಸೀಮೆಗೆ ಬಂದು, ನುಗು, ತಾರಕ ಮುಂತಾದ ಹೊಳೆಗಳನ್ನು ಸೇರಿಸಿಕೊಂಡು ನಂಜನಗೂಡಿನ ಕಡೆ ಹೋಗುತ್ತದೆ.

ಈ ಮೂರು ಹೊಳೆಗೂ ಒಂದು ಗುಣ ಸಮಾನ. ನೀರು ಹುಟ್ಟುವುದು ಬೆಟ್ಟದಲ್ಲಿ, ಹಾಳು ಮಾಡುವುದು ಬಯಲಲ್ಲಿ. ನಮ್ಮ ಹುಣಸೂರಿನಲ್ಲಿ ವರ್ಷಕ್ಕೆ ಬೀಳುವುದು ಎಂಟುನೂರು ಮಿಲಿಮೀಟರ್ ಆಸುಪಾಸು ಮಳೆ. ಮೇಲಿನ ಬೆಟ್ಟದ ಸಾಲಿನಲ್ಲಿ ಅದರ ಮೂರು ನಾಲ್ಕು ಪಟ್ಟು ಬೀಳುತ್ತದೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಆದ್ದರಿಂದ ನಮ್ಮಲ್ಲಿ ಆಕಾಶ ನೋಡಿ ಹೊಳೆ ಲೆಕ್ಕ ಹಾಕೋದು ಆಗದ ಮಾತು. ಇಲ್ಲಿ ತುಂತುರು ಮಳೆ, ಕೆಲವೊಮ್ಮೆ ಎಳೆ ಬಿಸಿಲು ಕೂಡ ಇರುತ್ತೆ, ಹೊಗೆಸೊಪ್ಪು ಮುರಿಯುವ ಆಳುಗಳು ಹೊಲದಲ್ಲೇ ಇರುತ್ತಾರೆ, ಅಷ್ಟರಲ್ಲಿ ಹೊಳೆ ಕೆಂಪಗೆ ಏರಿ ಬಂದಿರುತ್ತದೆ. ಹೊಳೆಗೆ ಕಾಲವೂ ಗೊತ್ತು. ಪುನರ್ವಸು, ಪುಷ್ಯ, ಆಶ್ಲೇಷ ಈ ಮೂರು ಮಳೆ, ಅಂದರೆ ಜುಲೈ ಮೊದಲ ವಾರದಿಂದ ಆಗಸ್ಟ್ ಮಧ್ಯದವರೆಗೆ. ಮುಂದೆ ಹೇಳುವ ದೊಡ್ಡ ಪ್ರವಾಹಗಳೆಲ್ಲ ಈ ನಲವತ್ತು ದಿನದಲ್ಲೋ, ಹೆಚ್ಚೆಂದರೆ ಮಖೆ ಮಳೆ ಹುಟ್ಟುವ ಹೊತ್ತಿಗೋ ಬಂದಂಥವು.

ರಕ್ತಾಕ್ಷಿ ಸಂವತ್ಸರದ ಹೊಳೆ

ನಮ್ಮ ಸೀಮೆಯ ಹೊಳೆಯ ಚರಿತ್ರೆಯಲ್ಲಿ ದೊಡ್ಡ ವರ್ಷ 1924. ಅದು ರಕ್ತಾಕ್ಷಿ ಸಂವತ್ಸರ. ಆ ವರ್ಷದ ಫೆಬ್ರವರಿ 18ರಂದು ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರದ ನಡುವೆ ಕಾವೇರಿ ನೀರಿನ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಇಷ್ಟು ನೀರು ನಿಮಗೆ, ಇಷ್ಟು ನಮಗೆ ಎಂದು ಕಾಗದದ ಮೇಲೆ ಅಳೆದು ಹಂಚಿಕೊಂಡು ಆರು ತಿಂಗಳೂ ಆಗಿರಲಿಲ್ಲ. ಜುಲೈ ತಿಂಗಳಲ್ಲಿ ಪಶ್ಚಿಮ ಘಟ್ಟದ ಎರಡು ಮಗ್ಗುಲಲ್ಲೂ ಒಂದೇ ಸಮನೆ ಮಳೆ ಹಿಡಿಯಿತು. ಘಟ್ಟದ ಆಚೆ ಕೇರಳದಲ್ಲಿ ಅದನ್ನು ಇಂದಿಗೂ 99ರ ಪ್ರವಾಹ ಅನ್ನುತ್ತಾರೆ, ಯಾಕೆಂದರೆ ಅವರ ಕೊಲ್ಲಂ ವರ್ಷದ ಲೆಕ್ಕದಲ್ಲಿ ಅದು 1099. ಘಟ್ಟದ ಈಚೆ ಕಾವೇರಿ ಕೊಡಗಿನಿಂದ ತಂಜಾವೂರಿನ ತನಕ ದಂಡೆ ಮೀರಿತು. 1911ರಲ್ಲಿ ಶುರುವಾಗಿದ್ದ ಕನ್ನಂಬಾಡಿ ಕಟ್ಟೆಯ ಕೆಲಸ ಆಗ ಇನ್ನೂ ನಡೆಯುತ್ತಿತ್ತು. ಮದ್ರಾಸಿನವರು ಮೆಟ್ಟೂರು ಕಟ್ಟೆ ಕೆಲಸ ಹಿಡಿದದ್ದು ಮರುವರ್ಷ, 1925ರಲ್ಲಿ. ಕಾವೇರಿ ಎಷ್ಟು ಏರಬಲ್ಲಳು ಎಂಬುದಕ್ಕೆ ಇಂಜಿನಿಯರುಗಳಿಗೆ 1924 ಒಂದು ಅಳತೆಗೋಲಾಯಿತು.

ಆ ಹೊಳೆ ನಮ್ಮ ಸೀಮೆಯಲ್ಲಿ ಬಿಟ್ಟುಹೋದ ಗುರುತು ಒಂದು ಇಡೀ ಪಟ್ಟಣ. ಕೆ.ಆರ್. ನಗರ ಎಂಬ ಊರು ಆಗ ಇರಲಿಲ್ಲ. ತಾಲ್ಲೂಕು ಕೇಂದ್ರ ಎಡತೊರೆ. ಅರ್ಕೇಶ್ವರಸ್ವಾಮಿ ದೇವಸ್ಥಾನದ ಊರು, ಹೆಸರಲ್ಲೇ ತೊರೆ ಇರುವ ಊರು, ಕಾವೇರಿ ದಡದ ಮೇಲೇ ಕೂತಿದ್ದ ಊರು. 1924ರ ನೀರು ಎಡತೊರೆಗೆ ನುಗ್ಗಿತು. ಆಮೇಲೆ ಅಲ್ಲಿಯ ಜನ ಮತ್ತು ಸಂಸ್ಥಾನದ ಸರ್ಕಾರ ಒಂದು ತೀರ್ಮಾನಕ್ಕೆ ಬಂದರು. ಹೊಳೆಗೆ ಅಡ್ಡ ಗೋಡೆ ಕಟ್ಟುವುದಲ್ಲ, ಊರನ್ನೇ ಮೇಲಕ್ಕೆ ಒಯ್ಯುವುದು. ಹೊಳೆಯಿಂದ ದೂರ, ಎತ್ತರದ ಜಾಗದಲ್ಲಿ, ಯೋಜನೆ ಹಾಕಿ ಹೊಸ ಪಟ್ಟಣ ಕಟ್ಟಿದರು. ಆಳುವ ಪ್ರಭುಗಳಾದ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟು ಕೃಷ್ಣರಾಜನಗರ ಎಂದರು. ಮುಂದೆ ತಾಲ್ಲೂಕಿನ ಹೆಸರೂ ಅದೇ ಆಯಿತು. ಹಳೇ ಎಡತೊರೆ ದೇವರ ಜೊತೆ ದಡದಲ್ಲೇ ಉಳಿಯಿತು.

ದಿನಾ ಕೆ.ಆರ್. ನಗರಕ್ಕೆ ಭತ್ತ ಮಾರಲು, ಕಚೇರಿ ಕೆಲಸಕ್ಕೆ ಹೋಗಿಬರುವ ನಾವು, ಈ ಊರು ಯಾಕೆ ಇಲ್ಲಿದೆ ಅಂತ ಕೇಳಿಕೊಂಡಿದ್ದೇವೆಯೇ? ಒಂದು ಊರು ಹೊಳೆಯಿಂದ ಪಾಠ ಕಲಿತರೆ ಹೇಗಿರುತ್ತದೆ ಎಂಬುದಕ್ಕೆ ಅಷ್ಟು ಹತ್ತಿರದ ನಿದರ್ಶನ ನಮಗೆ ಬೇರೆ ಇಲ್ಲ. ಮನೆ, ಹಿತ್ತಿಲು, ತಲೆಮಾರಿನ ಅಂಗಡಿ ಬಿಟ್ಟು ಏಳುವುದು ಸುಲಭದ ಮಾತಲ್ಲ. ಆದರೂ ಎದ್ದರು.

ಕಟ್ಟೆಗಳ ಕಾಲ

ಆಮೇಲೆ ಬಂದದ್ದು ಕಟ್ಟೆಗಳ ಕಾಲ. ಪ್ರವಾಹಕ್ಕೂ ಕಟ್ಟೆಗೂ ಇರುವ ಸಂಬಂಧ ಸರ್ ಎಂ. ವಿಶ್ವೇಶ್ವರಯ್ಯನವರ ಬದುಕಿನಲ್ಲೇ ಕಾಣುತ್ತದೆ. 1908ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಮೂಸಿ ಹೊಳೆ ಉಕ್ಕಿ ಸಾವಿರಾರು ಜನ ಸತ್ತಾಗ ನಿಜಾಮರ ಸರ್ಕಾರ ಇವರನ್ನು ಕರೆಸಿತು. ನೀರನ್ನು ಪಟ್ಟಣದ ಮೇಲ್ಗಡೆಯೇ ತಡೆದು ನಿಲ್ಲಿಸಬೇಕು ಎಂದು ಇವರು ವರದಿ ಕೊಟ್ಟರು. ಅದರಂತೆ ಅಲ್ಲಿ ಮುಂದೆ ಎರಡು ಜಲಾಶಯಗಳಾದವು. 1909ರಲ್ಲಿ ಇವರು ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಬಂದರು, ಎರಡು ವರ್ಷಕ್ಕೆ ಕನ್ನಂಬಾಡಿ ಕೆಲಸ ಶುರುವಾಯಿತು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸುತ್ತ ಒಂದರ ಹಿಂದೆ ಒಂದು ಕಟ್ಟೆ ಎದ್ದವು. ಹೆಚ್.ಡಿ. ಕೋಟೆ ಸೀಮೆಯಲ್ಲಿ ನುಗು, ಆಮೇಲೆ ಬೀಚನಹಳ್ಳಿಯಲ್ಲಿ ಕಬಿನಿ. ಕಬಿನಿ ಕೆಲಸ 1959ರಲ್ಲಿ ಹಿಡಿದದ್ದು 1974ಕ್ಕೆ ಮುಗಿಯಿತು. ಗೊರೂರಿನಲ್ಲಿ ಹೇಮಾವತಿ, ಕೊಡಗಿನಲ್ಲಿ ಹಾರಂಗಿ ಕಟ್ಟೆಗಳೂ ಬಂದವು. ಇವುಗಳಿಂದ ನಮ್ಮ ಜನಕ್ಕೆ ಅನ್ನ ಸಿಕ್ಕಿದೆ, ಅದನ್ನು ಮರೆಯುವಂತಿಲ್ಲ. ಆದರೆ ಕಟ್ಟೆಯೂ ಒಂದು ರೀತಿಯ ಪ್ರವಾಹವೇ ಆದ ಊರುಗಳಿವೆ. ಕಬಿನಿ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು, ಕಾಡಿನ ಜನರ ಹಾಡಿಗಳು ಎದ್ದವು, ಪುನ್ನಾಟದ ರಾಜಧಾನಿ ಕೀರ್ತಿಪುರವಾಗಿದ್ದ ಕಿತ್ತೂರಿನ ಸೀಮೆಗೂ ನೀರು ಬಂತು. ಹೊಳೆಯ ಪ್ರವಾಹ ಮೂರು ದಿನಕ್ಕೆ ಇಳಿಯುತ್ತದೆ, ಆ ನೀರು ಇಳಿಯಲೇ ಇಲ್ಲ. ನಮ್ಮ ಗದ್ದೆಗೆ ನಾಲೆ ನೀರು ಹಾಯಿಸುವಾಗ ಆ ಜನರನ್ನೂ ನೆನೆಯಬೇಕು.

ಕಟ್ಟೆ ಇದ್ದರೆ ಪ್ರವಾಹವಿಲ್ಲ ಎಂಬ ನಂಬಿಕೆಯೂ ಆ ಕಾಲದಲ್ಲೇ ಬೆಳೆಯಿತು. 1961ರ ಜುಲೈ 12ರಂದು ಪುಣೆಯ ಮೇಲ್ಗಡೆ ಹೊಸದಾಗಿ ಕಟ್ಟುತ್ತಿದ್ದ ಪಾನ್‌ಶೆಟ್ ಕಟ್ಟೆ ಒಡೆದು, ಅದರ ನೀರಿನ ಹೊಡೆತಕ್ಕೆ ಕೆಳಗಿನ ಖಡಕವಾಸ್ಲಾ ಕಟ್ಟೆಯೂ ಒಡೆಯಿತು. ವಿಶ್ವೇಶ್ವರಯ್ಯನವರು ತಮ್ಮ ಸ್ವಯಂಚಾಲಿತ ಗೇಟು ಮೊದಲು ಅಳವಡಿಸಿದ್ದು ಅದೇ ಖಡಕವಾಸ್ಲಾದಲ್ಲಿ. ನಮ್ಮ ಕಟ್ಟೆಗಳು ಗಟ್ಟಿಯಾಗಿವೆ, ಹೆದರಿಸಲು ಇದನ್ನು ಹೇಳುತ್ತಿಲ್ಲ. ಗಟ್ಟಿ ಕಟ್ಟೆಗೂ ಹೊಟ್ಟೆಯ ಅಳತೆ ಒಂದಿರುತ್ತದೆ, ಅದನ್ನು ತಿಳಿದುಕೊಳ್ಳಬೇಕು ಅಂತ ಹೇಳುತ್ತಿದ್ದೇವೆ.

ಆ ಲೆಕ್ಕ ಕಷ್ಟದ್ದೇನಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರು. ಒಂದು ಲಕ್ಷ ಕ್ಯೂಸೆಕ್ಸ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರು, ಹತ್ತು ಸಾವಿರ ಲೀಟರಿನ ಟ್ಯಾಂಕರು ಒಂದು ಸೆಕೆಂಡಿಗೆ 280 ಸುರಿದ ಹಾಗೆ. ಇದೇ ರಭಸದಲ್ಲಿ ಒಂದು ಹಗಲು ಒಂದು ರಾತ್ರಿ ಬಂದರೆ ಎಂಟೂವರೆ ಟಿ.ಎಂ.ಸಿ.ಗೂ ಮೇಲಾಗುತ್ತದೆ. ಕಬಿನಿ ಕಟ್ಟೆ ಹಿಡಿಯುವುದು 19.52 ಟಿ.ಎಂ.ಸಿ. ಕಟ್ಟೆ ಪೂರಾ ಖಾಲಿ ಇದ್ದರೂ ಎರಡೂಕಾಲು ದಿನಕ್ಕೆ ತುಂಬಿತು. 49.45 ಟಿ.ಎಂ.ಸಿ.ಯ ಕನ್ನಂಬಾಡಿಗೆ ಆರು ದಿನ ಬೇಕಿಲ್ಲ. ಆದರೆ ಆಶ್ಲೇಷ ಮಳೆ ಬರುವ ಹೊತ್ತಿಗೆ ಯಾವ ಕಟ್ಟೆಯೂ ಖಾಲಿ ಇರುವುದಿಲ್ಲ. ನಮಗೇ ಬೇಸಿಗೆಗೆ ನೀರು ಬೇಕು, ಕಟ್ಟೆ ಬೇಗ ತುಂಬಲಿ ಅಂತ ದೇವರಿಗೆ ಹರಕೆ ಹೊರುವವರೂ ನಾವೇ. ತುಂಬಿದ ಕಟ್ಟೆ ಬಂದ ನೀರನ್ನು ಬಿಡಲೇಬೇಕು.

ವಿಳಂಬಿ ಮತ್ತು ವಿಕಾರಿ

ನಮ್ಮ ಸಂಘದ ಇಪ್ಪತ್ತೈದು ವರ್ಷದ ಒಳಗೆ ಬಂದ ದೊಡ್ಡ ಹೊಳೆಗಳು ಎರಡು, ಅದೂ ಒಂದರ ಬೆನ್ನಿಗೊಂದು. 2018 ವಿಳಂಬಿ ಸಂವತ್ಸರ. ಆ ಆಗಸ್ಟಿನ ಮಧ್ಯಭಾಗದಲ್ಲಿ ಕೊಡಗಿನಲ್ಲಿ ಬೆಟ್ಟಗಳೇ ಜರುಗಿದವು. ಮಕ್ಕಂದೂರು, ಜೋಡುಪಾಲದ ಕಡೆ ಮನೆ, ತೋಟ, ರಸ್ತೆ ಮಣ್ಣಾದವು. ಕುಶಾಲನಗರದ ಹೊಳೆಬದಿ ಬಡಾವಣೆಗಳಲ್ಲಿ ನೀರು ನಿಂತಿತು. ಕಬಿನಿಯ ನೀರು ಮೈಸೂರು-ನಂಜನಗೂಡು ರಸ್ತೆಗೇ ಬಂದು ಸಂಚಾರ ನಿಂತಿತು. ಇಂಥದ್ದು ಇನ್ನು ನಮ್ಮ ಕಾಲಕ್ಕೆ ಬರೋದಿಲ್ಲ ಅಂತ ಆಗ ಎಲ್ಲರೂ ಅಂದರು.

ಮರುವರ್ಷವೇ ಬಂತು. 2019 ವಿಕಾರಿ ಸಂವತ್ಸರ, ಆಗಸ್ಟ್ ಎರಡನೇ ವಾರ, ಆಶ್ಲೇಷ ಮಳೆ. ಅಲ್ಲಿಯ ತನಕ ಮಳೆಯೇ ಹಿಂದೆ ಬಿದ್ದಿತ್ತು, ಕಟ್ಟೆ ತುಂಬುತ್ತದೋ ಇಲ್ಲವೋ ಎಂಬ ಚಿಂತೆ ಇತ್ತು. ನಾಲ್ಕೈದು ದಿನದಲ್ಲಿ ಎಲ್ಲಾ ತಿರುಗಿಬಿತ್ತು. ವಿರಾಜಪೇಟೆ ಹತ್ತಿರದ ತೋರ ಗ್ರಾಮದಲ್ಲಿ ಗುಡ್ಡ ಕುಸಿದು ಜನ ಮಣ್ಣಿನಡಿ ಸಿಕ್ಕಿದರು. ಕಬಿನಿಯಿಂದ ಹೊರಬಿಟ್ಟ ನೀರು ಒಂದು ಲಕ್ಷ ಕ್ಯೂಸೆಕ್ಸ್ ದಾಟಿತು. ಹೆಚ್.ಡಿ. ಕೋಟೆ ಕಡೆ ಸೇತುವೆಗಳ ಮೇಲೆ ನೀರು ಹರಿದು ಹಳ್ಳಿಗಳಿಗೆ ದಾರಿ ಕಡಿಯಿತು. ಪಿರಿಯಾಪಟ್ಟಣದ ಕೊಪ್ಪದ ಕಡೆ ಕಾವೇರಿ ಜಮೀನಿಗೆ ನುಗ್ಗಿತು. ಹನಗೋಡು ಅಣೆಕಟ್ಟೆ ಕಾಣದ ಹಾಗೆ ಲಕ್ಷ್ಮಣತೀರ್ಥ ಹರಿದು ಹುಣಸೂರು ಪಟ್ಟಣದ ತಗ್ಗಿನ ಮನೆಗಳಿಗೂ ನೀರು ಬಂತು.

ನೀರು ಇಳಿದ ಮೇಲಿನ ಕತೆ ರೈತರಿಗೆ ಗೊತ್ತಿದ್ದದ್ದೇ. ಭತ್ತದ ನಾಟಿ ಒಂದೆರಡು ದಿನ ಮುಳುಗಿದರೂ ತಡೆದುಕೊಳ್ಳುತ್ತದೆ, ಮರಳು ಮೆತ್ತಿದರೆ ಮಾತ್ರ ಹೋಯಿತು. ಹೊಗೆಸೊಪ್ಪು ಹಾಗಲ್ಲ. ಬೇರಿಗೆ ನೀರು ನಿಂತು ಒಂದು ಬಿಸಿಲು ಬಿದ್ದರೆ ಗಿಡ ನಿಂತ ಹಾಗೇ ಬಾಡುತ್ತದೆ. ಶುಂಠಿ ನೆಲದೊಳಗೇ ಕೊಳೆಯುತ್ತದೆ. ಪಂಪ್‌ಸೆಟ್ಟು, ಪೈಪು, ಮೇವಿನ ಮೆದೆ, ಬದು ಇವುಗಳ ಲೆಕ್ಕ ಯಾವ ಅರ್ಜಿಯಲ್ಲೂ ಪೂರ್ತಿ ಬರುವುದಿಲ್ಲ.

ಸರ್ಕಾರ ಸುಮ್ಮನೆ ಕೂರಲಿಲ್ಲ, ಅದನ್ನೂ ಹೇಳಬೇಕು. 2019ರಲ್ಲಿ ನೀರು ನುಗ್ಗಿದ ಕುಟುಂಬಕ್ಕೆ ತಕ್ಷಣಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಘೋಷಿಸಿದರು. ನೀರಾವರಿ ಬೆಳೆಗೆ ಕೇಂದ್ರದ ನಿಯಮದಂತೆ ಹೆಕ್ಟೇರಿಗೆ 13,500 ರೂಪಾಯಿ ಇತ್ತು, ರಾಜ್ಯ ಸರ್ಕಾರ ಅದರ ಮೇಲೆ 10,000 ಸೇರಿಸಿತು. ಎಕರೆ ಲೆಕ್ಕಕ್ಕೆ ತಂದರೆ ಒಂಬತ್ತೂವರೆ ಸಾವಿರ ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಉಳುಮೆ, ಬೀಜ, ಗೊಬ್ಬರ, ಆಳಿನ ಕೂಲಿ ಬಲ್ಲ ನಮ್ಮ ಸದಸ್ಯರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಪರಿಹಾರದಿಂದ ಬದುಕು ಕಟ್ಟುತ್ತೇವೆ ಅಂದರೆ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಗೇಟಿಲ್ಲದ ಹೊಳೆ

ಇಲ್ಲಿ ನಮ್ಮೂರಿನವರು ಗಮನಿಸಬೇಕಾದ ಒಂದು ವಿಷಯ ಇದೆ. ಕಾವೇರಿಗೆ ಸೇರುವ ಹಾರಂಗಿಗೆ ಕಟ್ಟೆ ಇದೆ, ಹೇಮಾವತಿಗೆ ಇದೆ, ಕಬಿನಿಗೆ ಇದೆ. ಅಲ್ಲಿ ಗೇಟು ಎತ್ತುವ ಮೊದಲು ಅಧಿಕಾರಿಗಳು ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಡುತ್ತಾರೆ, ಡಂಗುರ ಹೊಡೆಸುತ್ತಾರೆ, ಟಿ.ವಿ.ಯಲ್ಲಿ ಬರುತ್ತದೆ. ನಮ್ಮ ಲಕ್ಷ್ಮಣತೀರ್ಥಕ್ಕೆ ಬ್ರಹ್ಮಗಿರಿಯಿಂದ ಕನ್ನಂಬಾಡಿ ಹಿನ್ನೀರಿನ ತನಕ ನೀರು ಹಿಡಿದಿಡುವ ದೊಡ್ಡ ಕಟ್ಟೆ ಒಂದೂ ಇಲ್ಲ. ಹನಗೋಡಿನಲ್ಲಿ, ಕಟ್ಟೆಮಳಲವಾಡಿಯಲ್ಲಿ ಇರುವುದು ನಾಲೆಗೆ ನೀರು ತಿರುಗಿಸುವ ಅಣೆಗಳು. ಅವು ಬೇಸಿಗೆಯ ನೀರನ್ನು ತಿರುಗಿಸಬಲ್ಲವು, ಆಶ್ಲೇಷದ ಹೊಳೆಯನ್ನು ತಡೆಯಲಾರವು. ಬೆಟ್ಟದಲ್ಲಿ ಸುರಿದದ್ದು ನೇರ ನಮ್ಮ ಬಾಗಿಲಿಗೆ ಬರುತ್ತದೆ. ಗೇಟೇ ಇಲ್ಲದ ಹೊಳೆಗೆ ಗೇಟು ಎತ್ತುವ ಎಚ್ಚರಿಕೆ ಎಲ್ಲಿಂದ ಬರಬೇಕು?

ಹಾಗಂತ ನಮಗೆ ಏನೂ ಆಧಾರ ಇಲ್ಲ ಅಂತಲ್ಲ. ಕಟ್ಟೆಮಳಲವಾಡಿಯಲ್ಲಿ ಕೇಂದ್ರ ಜಲ ಆಯೋಗದವರು ಲಕ್ಷ್ಮಣತೀರ್ಥದ ನೀರು ಅಳೆಯುತ್ತಾರೆ. ಕಾವೇರಿಗೆ ಚುಂಚನಕಟ್ಟೆಯಲ್ಲಿ, ಹೇಮಾವತಿಗೆ ಅಕ್ಕಿಹೆಬ್ಬಾಳಿನಲ್ಲಿ ಇಂಥದೇ ಕೇಂದ್ರಗಳಿವೆ. ಗ್ರಾಮ ಪಂಚಾಯ್ತಿ ಮಟ್ಟದ ಮಳೆ ಮಾಪಕಗಳಿಂದ ಎಲ್ಲಿ ಎಷ್ಟು ಮಳೆಯಾಯಿತು ಎಂದು ಮೊಬೈಲಿನಲ್ಲೇ ನೋಡಬಹುದು. ಇರ್ಪು, ಶ್ರೀಮಂಗಲ, ಪೊನ್ನಂಪೇಟೆ ಕಡೆ ಮಳೆ ಎಷ್ಟು ಅಂತ ಜುಲೈ, ಆಗಸ್ಟಿನಲ್ಲಿ ದಿನಾ ನೋಡುವವರು ಊರಿಗೆ ನಾಲ್ಕು ಜನ ಇದ್ದರೆ ಅದೇ ನಮ್ಮ ಡಂಗುರ.

ಅದಕ್ಕಿಂತ ದೊಡ್ಡ ಆಧಾರ ನೆಲದ ಎತ್ತರ. ನಮ್ಮ ಹಳ್ಳಿಗಳ ಹಳೇ ಕೇರಿಗಳನ್ನು, ಹಳೇ ದೇವಸ್ಥಾನಗಳನ್ನು ನೋಡಿ. ಹೊಳೆಗೆ ಇಳಿಯುವ ದಾರಿ ಇರುತ್ತದೆ, ಆದರೆ ಮನೆ ಮೇಲಿರುತ್ತವೆ. ಹಿರಿಯರು ಹೊಳೆಯನ್ನು ಕೈಗೆ ಎಟುಕುವಷ್ಟು ಹತ್ತಿರ, ಕಾಲಿಗೆ ಸಿಗದಷ್ಟು ದೂರ ಇಟ್ಟುಕೊಂಡಿದ್ದರು. ದಡದ ಗೋಮಾಳ, ಹುಲ್ಲುಗಾವಲು ಹೊಳೆ ಬಂದಾಗ ಮಗ್ಗಲು ಬದಲಿಸಲು ಬಿಟ್ಟ ಜಾಗ. ಈಗ ರಸ್ತೆ ಬಂತು, ಮೋಟಾರು ಬಂತು, ಹೊಳೆದಂಡೆ ಜಾಗಕ್ಕೆ ಬೆಲೆ ಬಂತು. ಗೋಮಾಳ ನಿವೇಶನವಾಯಿತು, ಹಳ್ಳದ ಮೇಲೆ ಮಣ್ಣು ಸುರಿದು ಶೆಡ್ಡು ಎದ್ದವು. 1924ರ ನಂತರ ಎಡತೊರೆಯವರು ಮೇಲಕ್ಕೆ ಹೋದರು. ನೂರು ವರ್ಷ ಆದ ಮೇಲೆ ನಾವು ಎಲ್ಲಾ ಕಡೆ ಕೆಳಕ್ಕೆ ಇಳಿಯುತ್ತಿದ್ದೇವೆ.

ನಮ್ಮ ಸಂಘದ ಮುಂದಿರುವ ಮಾತು

ಈ ಚರಿತ್ರೆ ಬರೆದದ್ದು ಹೊತ್ತು ಹೋಗದೆ ಅಲ್ಲ. ಬೆಳ್ಳಿಹಬ್ಬದ ನೆನಪಿಗೆ ಸಂಘಕ್ಕೆ ಹೊಸ ಗೋದಾಮು ಕಟ್ಟುವ ವಿಚಾರ ಆಡಳಿತ ಮಂಡಳಿಯ ಮುಂದಿದೆ. ಎರಡು ಜಾಗಗಳ ಮಾತು ನಡೆದಿದೆ. ಹೊಳೆ ರಸ್ತೆಯ ಜಾಗ ಸಮತಟ್ಟು, ಲಾರಿ ತಿರುಗಲು ಸಲೀಸು, ಖರ್ಚೂ ಕಮ್ಮಿ. ಮೇಲಿನ ಮರಡಿ ಜಾಗ ಕಲ್ಲು ನೆಲ, ರಸ್ತೆ ಮಾಡಬೇಕು, ಮಟ್ಟ ಮಾಡಿಸಬೇಕು. ಸದಸ್ಯರಲ್ಲಿ ಹೆಚ್ಚಿನವರು ಹೊಳೆ ರಸ್ತೆಯ ಜಾಗವೇ ಆಗಲಿ ಅನ್ನುತ್ತಿದ್ದಾರೆ. 2019ರಲ್ಲಿ ಆ ಜಾಗದಲ್ಲಿ ಸೊಂಟದ ಮಟ್ಟ ನೀರಿತ್ತು ಎಂಬುದನ್ನು ಕಂಡವರು ನಾವೆಲ್ಲ ಇದ್ದೇವೆ. ಗೋದಾಮಿನಲ್ಲಿ ಇಡುವುದು ಆಗಸ್ಟಿನಲ್ಲಿ ಹಂಚುವ ಯೂರಿಯಾ ಮತ್ತು ಪಡಿತರದ ಅಕ್ಕಿ. ಹೊಳೆ ಬರುವ ತಿಂಗಳೂ ಅದೇ. ಆ ದಿನ ಊರಿಗೆಲ್ಲ ಅಕ್ಕಿ ಬೇಕಾಗಿರುವಾಗ ಸಂಘದ ಅಕ್ಕಿ ನೀರಿನಲ್ಲಿರಬಾರದು. ನಮ್ಮ ಅಭಿಪ್ರಾಯ ಸ್ಪಷ್ಟ. ಹಣ ಹೆಚ್ಚಾದರೂ ಗೋದಾಮು ಮರಡಿಯ ಮೇಲೇ ಆಗಬೇಕು. ಹೊಳೆ ಬಂದ ದಿನ ಅದೇ ಕಟ್ಟಡ ತಗ್ಗಿನ ಕೇರಿಯ ಜನಕ್ಕೆ ಆಸರೆಯೂ ಆಗುತ್ತದೆ, ಮೇಲಿನ ಬಯಲು ದನಕರುಗಳಿಗೆ ಆಗುತ್ತದೆ.

ಇನ್ನೊಂದು ಸಣ್ಣ ಸಲಹೆ, ಇದಕ್ಕೆ ಹೆಚ್ಚು ಖರ್ಚಿಲ್ಲ. 2019ರ ನೀರು ಎಲ್ಲಿಯ ತನಕ ಬಂತು ಎಂದು ಕಣ್ಣಾರೆ ಕಂಡವರು ಇರುವಾಗಲೇ ಊರಿನ ನಾಲ್ಕೈದು ಕಡೆ ಕಲ್ಲು ನೆಟ್ಟು, ಗೆರೆ ಹಾಕಿ, ವರ್ಷ ಬರೆಸೋಣ. ಶಾಲೆ ಗೋಡೆಗೆ ಒಂದು, ಸೇತುವೆ ಕಂಬಕ್ಕೆ ಒಂದು, ಹಾಲಿನ ಡೈರಿ ಹತ್ತಿರ ಒಂದು. ಮುಂದೆ ಮನೆ ಕಟ್ಟುವವರು, ಜಾಗ ಕೊಳ್ಳುವವರು ಆ ಗೆರೆ ನೋಡಿ ತೀರ್ಮಾನ ಮಾಡಲಿ. ದಾಖಲೆಯಲ್ಲಿ ಇದ್ದದ್ದು ಕಪಾಟಿನಲ್ಲಿ ಉಳಿಯುತ್ತದೆ, ಕಲ್ಲಿನ ಮೇಲೆ ಇದ್ದದ್ದು ಕಣ್ಣಿಗೆ ಬೀಳುತ್ತದೆ. ಹಾಗೇ ಬೆಳೆ ವಿಮೆಗೆ ಹಣ ಕಟ್ಟುವ ಸದಸ್ಯರು, ತಮ್ಮ ಬೆಳೆಗೆ ನೀರು ನಿಂತ ನಷ್ಟ ಸೇರುತ್ತದೆಯೇ ಇಲ್ಲವೇ ಎಂದು ಕಟ್ಟುವ ಮುಂಚೆಯೇ ಸಂಘದಲ್ಲಿ ಕೇಳಿ ತಿಳಿದುಕೊಳ್ಳಬೇಕು. ನಷ್ಟವಾದ ಮೇಲೆ ಕೇಳಿದರೆ ಉತ್ತರ ಸಿಗುತ್ತದೆ, ಹಣ ಸಿಗುವುದಿಲ್ಲ.

ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ ಎಂಬುದು ಸಹಕಾರದ ಮಂತ್ರ. ಹೊಳೆ ಬಂದ ದಿನ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಹಗ್ಗ ಹಿಡಿಯುವವರು, ದನ ಬಿಚ್ಚುವವರು, ಮುದುಕರನ್ನು ಹೊತ್ತು ತರುವವರು ಜಾತಿ, ಪಾರ್ಟಿ ಕೇಳದೆ ಇಳಿಯುತ್ತಾರೆ. ಹೊಳೆ ಇಲ್ಲದ ದಿನವೂ ಆ ಬುದ್ಧಿ ಉಳಿದರೆ ಜಾಗದ ತೀರ್ಮಾನ ಕಷ್ಟವಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಗೋದಾಮಿನ ವಿಷಯ ಬಂದಾಗ ಸದಸ್ಯ ಬಂಧುಗಳು ಕೈ ಎತ್ತುವ ಮುನ್ನ ಒಂದು ಸಾರಿ ಆ ಎರಡೂ ಜಾಗಕ್ಕೆ ನಡೆದುಕೊಂಡು ಹೋಗಿ ನಿಂತು ನೋಡಿ ಬರಬೇಕೆಂದು ಸವಿನಯವಾಗಿ ಕೋರುತ್ತೇವೆ.